ಎಂಟು ಎಲ್ಲಿ ಹೋಯಿತು?

ಪ್ರಿಯ ಗೆಳೆಯ,

12345679 ಅನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು ಸಾಲಾಗಿ ಬರುತ್ತವೆಂದು ನಾನು ತರಗತಿಯಲ್ಲಿ ತೋರಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಮಾತ್ರ ‘ನಡುವಿನ ಎಂಟು ಎಲ್ಲಿ ಹೋಯಿತು?’ ಎಂದು ಕೇಳಿದೆ. ಅದಕ್ಕೆ ಉತ್ತರ ಕೊಡಲೆಂದೇ ಈ ಪತ್ರ.

ಒಂದನ್ನು 81ರಿಂದ ಭಾಗಿಸಿ ನೋಡು. ಬಿಂದುವಿನ ಮುಂದೆ 012345679 ಎಂಬ ಗುಂಪೇ ಮತ್ತೆ ಮತ್ತೆ ಬರುತ್ತದೆ. ನ್ಯಾಯವಾಗಿ ಅಲ್ಲಿ 0, 1, 2, 3 ಎಂದು ಸಂಖ್ಯೆಗಳೆಲ್ಲ ಒಂದೊಂದು ಸ್ಥಾನದಲ್ಲಿ ಕ್ರಮವಾಗಿ ಕೂರಬೇಕು. ಆದರೆ ಒಂಬತ್ತರ ನಂತರದ 10 ಒಂದು ಸ್ಥಾನದಲ್ಲಿ ಹಿಡಿಸುವುದಿಲ್ಲ. ಅದರ ದಶಕ ಎಡಕ್ಕೆ ಹೋಗಿ 9ನ್ನು 10 ಮಾಡುತ್ತದೆ, ಆ ಹತ್ತರ ದಶಕವೂ ಎಡಕ್ಕೆ ಸರಿದು 8ನ್ನು 9 ಮಾಡುತ್ತದೆ. ಎಂಟು ಎಲ್ಲಿಗೂ ಹೋಗಿಲ್ಲ, ಒಂದನ್ನು ಕೂಡಿಸಿಕೊಂಡು ಒಂಬತ್ತಾಗಿ ಅಲ್ಲೇ ಕುಳಿತಿದೆ!

ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೆಯ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಈ ಗುಣಾಕಾರವನ್ನು ಕೊಟ್ಟಿದ್ದಾನೆ. ಹಿಂದಿನಿಂದ ಓದಿದರೂ ಬದಲಾಗದ ಇಂಥ ಗುಣಲಬ್ಧಗಳನ್ನು ಅವನು ಕೊರಳಹಾರಗಳೆಂದು ಕರೆದ.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರನ್ನು 1988ರಲ್ಲಿ ಬರ್ಕ್ಲಿಯಲ್ಲಿ ಪರೀಕ್ಷಿಸಿದ ಮನೋವಿಜ್ಞಾನಿ ಆರ್ಥರ್ ಜೆನ್ಸನ್, 6,16,29,875ರ ಘನಮೂಲ 395 ಎಂದೂ 17,08,59,375ರ ಏಳನೆಯ ಮೂಲ 15 ಎಂದೂ ತಾನು ಪ್ರಶ್ನೆಯನ್ನು ಬರೆದುಕೊಳ್ಳುವ ಮೊದಲೇ ಅವರು ಹೇಳಿಬಿಟ್ಟರೆಂದು ದಾಖಲಿಸಿದ್ದಾನೆ. ಬಾಯಿಲೆಕ್ಕದ ಸ್ಪರ್ಧೆಗಳಲ್ಲಿ ನಾನು ಬಯಸಿದ್ದು ಆ ವೇಗವನ್ನೇ, ಮತ್ತು ನಮ್ಮ ಶಾಲೆಯ ಮಟ್ಟಿಗೆ ಅದು ನನಗೆ ದಕ್ಕಿತ್ತು ಕೂಡ. ಆದರೂ ಬಹುಮಾನ ಹಿಡಿದು ನಿಂತಾಗಲೆಲ್ಲ ನಿನ್ನನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಉತ್ತರ ಬಂದೊಡನೆ ನನಗೆ ಲೆಕ್ಕ ಮುಗಿಯುತ್ತಿತ್ತು, ನಿನಗೆ ಅಲ್ಲಿಂದಲೇ ಶುರುವಾಗುತ್ತಿತ್ತು. ಈಗ ಈ ಎಂಟನ್ನು ಹುಡುಕುತ್ತಾ ಕುಳಿತಾಗ ನನಗಾದ ಸಂತೋಷ ಆ ಯಾವ ಬಹುಮಾನದಿಂದಲೂ ಆಗಿರಲಿಲ್ಲ. ಇಷ್ಟು ವರ್ಷ ನೀನೊಬ್ಬನೇ ಅನುಭವಿಸಿದ್ದು ಇದನ್ನೇ ಏನೋ ಎಂದುಕೊಂಡು ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಇದನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದು ಹೊರಟವನಲ್ಲ ನಾನು.

ಇರಲಿ. ನಿನಗೆ ಮಹಾವೀರನದೇ ಇನ್ನೊಂದು ಹಾರವಿದೆ: 27994681 ಅನ್ನು 441ರಿಂದ ಗುಣಿಸಿದರೆ 12345654321. ಅದು 441ಏ ಏಕೆ ಆಗಬೇಕೆಂದು ಬರೆದು ಕಳಿಸು. 441 ಎಂಬುದು 21ರ ವರ್ಗ ಎಂಬ ಸುಳಿವಷ್ಟೇ ಸಾಕು. ಅವಸರವಿಲ್ಲ.

ನಿನ್ನ ಗೆಳೆಯ