ಮೆಹತರ್ ಮಹಲನ್ನೂ ನೋಡಿ

ವಿಜಯಪುರಕ್ಕೆ ಬರುವ ಪ್ರವಾಸಿಗರು ಗೋಳಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿ ಕೇಳಿ, ಹೆಚ್ಚೆಂದರೆ ಇಬ್ರಾಹಿಂ ರೋಜಾಕ್ಕೊಮ್ಮೆ ಹೋಗಿ ಊರು ಬಿಡುತ್ತಾರೆ. ಪೇಟೆಯ ನಡುವಿನ ಮೆಹತರ್ ಮಹಲ್ ಕಡೆ ತಿರುಗಿಯೂ ನೋಡುವುದಿಲ್ಲ. ಅವರನ್ನೇಕೆ ದೂರಬೇಕು, ಊರವರಾದ ನಮಗೇ ಅದರ ಪರಿಚಯ ಅಷ್ಟಕ್ಕಷ್ಟೆ. ಮಸೀದಿಯೊಂದರ ಹೆಬ್ಬಾಗಿಲಾಗಿ ಕಟ್ಟಿದ ಈ ಕಟ್ಟಡದ ಬಾಲ್ಕನಿಯನ್ನು ಹೊತ್ತಿರುವ ಕಲ್ಲಿನ ಆಸರೆಗಳನ್ನು ಬಡಗಿ ಮರ ಕೊರೆದಷ್ಟು ನಾಜೂಕಾಗಿ ಕೆತ್ತಿದ್ದಾರೆ. ಕತ್ತೆತ್ತಿ ನೋಡುವ ವ್ಯವಧಾನ ಬೇಕಷ್ಟೆ. ಹೂಳು, ಕಸ ತುಂಬಿದ್ದ ನಮ್ಮೂರಿನ ಹಳೆಯ ದೊಡ್ಡ ಬಾವಿ ತಾಜ್ ಬಾವಡಿಯನ್ನು ಸ್ವಚ್ಛಗೊಳಿಸಿದ್ದು ಮನಸ್ಸು ಮಾಡಿದರೆ ಕೆಲಸ ಆಗುತ್ತದೆ ಎಂಬುದಕ್ಕೆ ಸಾಕ್ಷಿ. ರೈಲು ನಿಲ್ದಾಣ ಮತ್ತು ಗೋಳಗುಮ್ಮಟದ ಬಳಿ ಇಂಥ ಸಣ್ಣ ಸ್ಮಾರಕಗಳ ದಾರಿ ತೋರುವ ಫಲಕಗಳನ್ನು ಪ್ರವಾಸೋದ್ಯಮ ಇಲಾಖೆ ಹಾಕಿಸಲಿ. ಶಾಲೆಗಳು ಮಕ್ಕಳನ್ನು ದೂರದೂರಿಗೆ ಪ್ರವಾಸ ಒಯ್ಯುವ ಮುನ್ನ ಒಂದು ಭಾನುವಾರ ಇಲ್ಲಿಗೆ ನಡೆಸಿಕೊಂಡು ಬರಲಿ.

— ಓದುಗ, ವಿಜಯಪುರ