ಹೆಸರಷ್ಟೇ ಬದಲಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಕಾರವಾರ, ಶಿರಸಿಯ ಹಲವು ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಸಾಕ್ಷ್ಯವಾಗಿ ಒಪ್ಪಿಸುವ ಸಿಸಿಟಿವಿ ದೃಶ್ಯದ ಜೊತೆ ಕೊಡುವ ಪ್ರಮಾಣಪತ್ರ ಇನ್ನೂ ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ ‘65ಬಿ’ ಹೆಸರಲ್ಲೇ ಪ್ರಿಂಟಾಗುತ್ತಿದೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂ ಬಂದಿದೆ.

ಕಲಂ ಸಂಖ್ಯೆ ತಿದ್ದಿದರೆ ಮುಗಿಯಲಿಲ್ಲ. ಹೊಸ ನಮೂನೆಯ ‘ಎ’ ಭಾಗವನ್ನು ದಾಖಲೆ ಕೊಡುವವರು, ‘ಬಿ’ ಭಾಗವನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಶ್ ಮೌಲ್ಯ, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಸಂಕೇತ, ಬರೆಯಬೇಕು. ದೃಶ್ಯವನ್ನು ಒಂದು ಸೆಕೆಂಡು ಕತ್ತರಿಸಿದರೂ ಹ್ಯಾಶ್ ಬೇರೆಯಾಗುತ್ತದೆ. ಹಾಗಾಗಿ ಪೆನ್‌ಡ್ರೈವ್‌ನಲ್ಲಿ ಒಪ್ಪಿಸುವ ಫೈಲಿನ ಹ್ಯಾಶನ್ನೇ ತೆಗೆಯಿರಿ.

ತಪ್ಪು ಹುಟ್ಟುವುದೇ ಹಳೇ ಪತ್ರ ತೆರೆದು ಹೆಸರು, ತಾರೀಖು ಬದಲಿಸುವುದರಿಂದ. ಖಾಲಿ ನಮೂನೆಯೊಂದನ್ನು ‘ರೀಡ್ ಓನ್ಲಿ’ (ಓದಲು ಮಾತ್ರ) ಮಾಡಿಟ್ಟು, ಅಡಿಯಲ್ಲಿ ಪರಿಷ್ಕರಿಸಿದ ದಿನಾಂಕ ಹಾಕಿ. ಹಳೆಯದನ್ನು ದಯವಿಟ್ಟು ಅಳಿಸಬೇಡಿ, ಬೇರೆ ಫೋಲ್ಡರಿಗೆ ಹಾಕಿ. 2024ರ ಜುಲೈ 1ಕ್ಕೂ ಮೊದಲೇ ಬಾಕಿಯಿದ್ದ ಪ್ರಕರಣಗಳಿಗೆ ಅದೇ ಬೇಕು.

– ಓದುಗ, ಕಾರವಾರ