ಟೆರಿಯರ್ ಬಾಲ: ಮರಿ ಹುಟ್ಟುವ ಮೊದಲೇ ಹೇಳಿಬಿಡಿ

ಮಾನ್ಯ ಸಂಪಾದಕರೇ,

ಜ್ಯಾಕ್ ರಸೆಲ್, ಫಾಕ್ಸ್ ಟೆರಿಯರ್, ಯಾರ್ಕ್‌ಶೈರ್ ಟೆರಿಯರ್‌ನಂಥ ಪುಟ್ಟ ನಾಯಿಗಳ ಬಾಲ ಕತ್ತರಿಸಬೇಕೇ ಬೇಡವೇ ಎಂದು ಮರಿ ಕೊಳ್ಳುವವರು ಕೇಳುವ ಹೊತ್ತಿಗೆ ಕೆಲಸ ಮುಗಿದುಹೋಗಿರುತ್ತದೆ. ಮರಿ ಅವರ ಕೈಗೆ ಬರುವುದು ಎಂಟನೇ ವಾರದ ಸುಮಾರಿಗೆ. ಬಾಲ ಹೋಗುವುದು ಮೂರನೇ ದಿನ, ಹೆಚ್ಚೆಂದರೆ ಐದನೇ ದಿನ. ಆದ್ದರಿಂದ ಈ ಮಾತು ತಾಯಿನಾಯಿ ಗಬ್ಬವಾಗಿರುವಾಗಲೇ ಆಗಬೇಕು. ನಮ್ಮ ಅಭಿಪ್ರಾಯ ಸ್ಪಷ್ಟ: ಈ ನಾಯಿಗಳ ಬಾಲ ಕತ್ತರಿಸಬೇಕಾಗಿಲ್ಲ.

ಕತ್ತರಿಸುವವರು ಕೊಡುವ ಮುಖ್ಯ ಕಾರಣ ಕೆಲಸದ್ದು. ಟೆರಿಯರ್ ಎಂದರೆ ಬಿಲಕ್ಕಿಳಿಯುವ ನಾಯಿ, ನರಿಯ ಹಿಂದೆ ಮಣ್ಣೊಳಗೆ ನುಗ್ಗುವಾಗ ಉದ್ದ ಬಾಲಕ್ಕೆ ಕಲ್ಲು, ಬೇರು ತಗುಲಿ ಗಾಯವಾಗುತ್ತದೆ, ಮೋಟು ಬಾಲವಾದರೆ ಹೊರಗೆಳೆಯಲು ಹಿಡಿಕೆಯಂತಿರುತ್ತದೆ ಎನ್ನುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ಬಾರ್ಡರ್ ಟೆರಿಯರ್, ಕೇರ್ನ್ ಟೆರಿಯರ್, ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್ ಕೂಡ ಅದೇ ಬಿಲಗಳಲ್ಲಿ ಅದೇ ಕೆಲಸ ಮಾಡಿದ ನಾಯಿಗಳು. ಅವುಗಳ ಬಾಲ ಕತ್ತರಿಸುವ ರೂಢಿಯೇ ಇಲ್ಲ. ವೆಸ್ಟ್ ಹೈಲ್ಯಾಂಡ್‌ನ ಬ್ರಿಟಿಷ್ ತಳಿ ಮಾನದಂಡ ಬಾಲ 13ರಿಂದ 15 ಸೆಂಟಿಮೀಟರ್ ಇರಬೇಕು, ಯಾವ ಕಾರಣಕ್ಕೂ ಕತ್ತರಿಸಬಾರದು ಎನ್ನುತ್ತದೆ. ಬುಡದಲ್ಲಿ ದಪ್ಪ, ತುದಿಗೆ ಚೂಪು, ಕ್ಯಾರೆಟ್ ಆಕಾರದ ಗಟ್ಟಿ ಬಾಲ ಅದು. ಹಿಡಿಕೆ ಬೇಕಿದ್ದವರು ಕತ್ತರಿ ಹಿಡಿಯದೆ ತಳಿ ಆಯ್ಕೆಯಿಂದಲೇ ಅದನ್ನು ಪಡೆದರು. ಒಂದೇ ಕೆಲಸದ ನಾಯಿಗಳಲ್ಲಿ ಒಂದಕ್ಕೆ ಮೋಟು ಬಾಲ, ಇನ್ನೊಂದಕ್ಕೆ ಪೂರ್ತಿ ಬಾಲ ಎಂದಾದರೆ, ವ್ಯತ್ಯಾಸ ಇರುವುದು ರೂಢಿಯಲ್ಲಿ, ಅಗತ್ಯದಲ್ಲಲ್ಲ. ಇನ್ನು ಸೋಫಾ ಬಿಟ್ಟಿಳಿಯದ ಯಾರ್ಕ್‌ಶೈರ್‌ಗೆ ಬಿಲದ ನೆಪವೂ ಇಲ್ಲ.

ಗಾಯದ ಲೆಕ್ಕವೂ ನಮ್ಮ ಮುಂದಿದೆ. ಬ್ರಿಟನ್ನಿನ 52 ಪಶು ಚಿಕಿತ್ಸಾಲಯಗಳಿಗೆ ಬಂದ 1,38,212 ನಾಯಿಗಳನ್ನು ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಲಕ್ಕೆ ಗಾಯವಾಗಿದ್ದು ಸುಮಾರು ಶೇ 0.23ರಷ್ಟು ನಾಯಿಗಳಿಗೆ. ಒಂದು ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕು ಎಂಬುದು ಅದರ ಲೆಕ್ಕ. ಸೂಲಿಗೆ ಐದು ಮರಿ ಎಂದರೆ ನೂರು ಸೂಲು! ಹೆಚ್ಚು ಅಪಾಯ ಕಂಡದ್ದು ಗ್ರೇಹೌಂಡ್, ಲರ್ಚರ್, ವಿಪೆಟ್‌ಗಳಂಥ ಚಾಟಿ ಬಾಲದ ನಾಯಿಗಳಲ್ಲಿ ಮತ್ತು ಸ್ಪ್ಯಾನಿಯಲ್‌ಗಳಲ್ಲಿ. ಬೇಟೆಗೆ ಹೋಗುವ ಸ್ಪ್ಯಾನಿಯಲ್‌ಗಳ ಕಥೆ ಬೇರೆ ಎಂಬುದನ್ನು ಒಪ್ಪಲೇಬೇಕು. ಮುಳ್ಳುಪೊದೆಯಲ್ಲಿ ಬಾಲ ಬೀಸುತ್ತ ಓಡುವ ಅವುಗಳಿಗೆ ನಿಜಕ್ಕೂ ತುದಿ ಹರಿಯುತ್ತದೆ. ಬಾಲ ಕತ್ತರಿಸುವುದನ್ನು ಪೂರ್ತಿ ನಿಷೇಧಿಸಿದ್ದ ಸ್ಕಾಟ್ಲೆಂಡ್ 2017ರಲ್ಲಿ ದುಡಿಯುವ ಸ್ಪ್ಯಾನಿಯಲ್ ಮತ್ತು ಕೆಲವು ಬೇಟೆನಾಯಿಗಳಿಗೆ ಬಾಲದ ಮೂರನೇ ಒಂದು ಭಾಗದವರೆಗೆ ಕತ್ತರಿಸಲು ವಿನಾಯಿತಿ ಕೊಟ್ಟಿತು. ಟೆರಿಯರ್‌ಗಳಿಗೆ ಕೊಡಲಿಲ್ಲ. ಆದರೆ ಇಂಗ್ಲೆಂಡ್ ದುಡಿಯುವ ಟೆರಿಯರ್‌ಗೆ ಅವಕಾಶ ಉಳಿಸಿಕೊಂಡಿದೆ. ಅದೂ ಪಶುವೈದ್ಯರೇ, ಮರಿಗೆ ಐದು ದಿನ ತುಂಬುವುದರೊಳಗೆ, ಕೆಲಸದ ನಾಯಿ ಎಂಬ ಪುರಾವೆ ನೋಡಿ ಮಾಡಬೇಕು.

ಕತ್ತರಿಸುವಾಗ ಆಗುವುದೇನು ಎಂಬುದನ್ನು ಹೆಚ್ಚಿನವರು ನೋಡಿರುವುದಿಲ್ಲ. ಮೂರು ದಿನದ ಯಾರ್ಕ್‌ಶೈರ್ ಮರಿ ಸುಮಾರು 120ರಿಂದ 150 ಗ್ರಾಂ ತೂಗುತ್ತದೆ. ಕಿಲೋಗೆ 80ರಿಂದ 90 ಮಿಲಿಲೀಟರ್ ಎಂಬ ಲೆಕ್ಕದಲ್ಲಿ ಅದರ ಮೈಯಲ್ಲಿರುವ ರಕ್ತ ಎರಡು, ಎರಡೂವರೆ ಟೀ ಚಮಚ. ಬಾಲದ ಅಡಿಯಲ್ಲಿ ನಟ್ಟನಡುವೆ ಹರಿಯುವ ರಕ್ತನಾಳ ಸರಿಯಾಗಿ ಮುಚ್ಚದೆ 2 ಮಿಲಿಲೀಟರ್ ಸೋರಿದರೆ ಸುಮಾರು ಆರರಲ್ಲಿ ಒಂದು ಪಾಲು ರಕ್ತ ಹೋದಂತೆ. ತಾಯಿ ನೆಕ್ಕಿ ಹೆಪ್ಪು ಬಿಡಿಸಿದರೆ ಮತ್ತೆ ಸೋರುತ್ತದೆ. ಮರಿ ತಣ್ಣಗಾಗುತ್ತದೆ, ಹಾಲು ಕುಡಿಯುವುದನ್ನು ಬಿಡುತ್ತದೆ.

ಸರಿಯಾದ ಕ್ರಮದಲ್ಲಿ ಬಾಲದ ಚರ್ಮವನ್ನು ಮೊದಲು ಮೈಯ ಕಡೆಗೆ ಜಗ್ಗಿ ಹಿಡಿದು, ಎರಡು ಎಲುಬಿನ ಮಣಿಗಳ ನಡುವಿನ ಕೀಲಿನಲ್ಲಿ ಕತ್ತರಿಸಬೇಕು. ಕೈಬಿಟ್ಟಾಗ ಚರ್ಮ ಮುಂದೆ ಸರಿದು ಎಲುಬನ್ನು ಮುಚ್ಚುತ್ತದೆ, ಒಂದೆರಡು ಕರಗುವ ಹೊಲಿಗೆ ಸಾಕು. ಚರ್ಮ ಜಗ್ಗದೆ ಕತ್ತರಿಸಿದರೆ ಎಲುಬಿನ ತುದಿ ಹೊರಗಿಣುಕುತ್ತದೆ, ಗಾಯದ ಕಲೆ ಎಲುಬಿಗೇ ಅಂಟಿಕೊಳ್ಳುತ್ತದೆ. ಕತ್ತರಿಸಿದ ನರದ ತುದಿ ಮತ್ತೆ ಚಿಗುರಲು ಹೋಗಿ ಗಂಟಾಗುವುದೂ ಉಂಟು. ಅಂಥ ನಾಯಿ ಬಾಲದ ತುದಿಯನ್ನು ಸದಾ ಕಚ್ಚುತ್ತದೆ, ಮುಟ್ಟಿದರೆ ಗುರ್ರೆನ್ನುತ್ತದೆ. ರಬ್ಬರ್ ಬ್ಯಾಂಡ್ ಬಿಗಿದು ಬಾಲ ಒಣಗಿ ಉದುರುವಂತೆ ಮಾಡುವ ಮನೆಮದ್ದಿನ ವಿಧಾನ ರಕ್ತ ಹರಿಸುವುದಿಲ್ಲ, ನಿಜ. ಆದರೆ ಸತ್ತ ಮಾಂಸ ದಿನಗಟ್ಟಲೆ ಜೀವಂತ ಮಾಂಸಕ್ಕೆ ಅಂಟಿಕೊಂಡಿರುತ್ತದೆ, ಸೋಂಕು ಬೆನ್ನೆಲುಬಿನತ್ತ ಏರಲು ಅದಕ್ಕಿಂತ ಒಳ್ಳೆಯ ದಾರಿ ಬೇಡ.

‘ಎಳೆ ಮರಿಗೆ ನರ ಬೆಳೆದಿರುವುದಿಲ್ಲ, ನೋವಾಗದು’ ಎಂಬ ಮಾತಿಗೆ ಆಧಾರವಿಲ್ಲ. ನರದ ಹೊದಿಕೆ ಪೂರ್ತಿ ಬೆಳೆದಿರುವುದಿಲ್ಲ ಎಂಬುದಷ್ಟೇ ಸತ್ಯ. ದೊಡ್ಡ ನಾಯಿಯಲ್ಲೂ ನೋವಿನ ಬಹುಪಾಲನ್ನು ಒಯ್ಯುವುದು ಹೊದಿಕೆಯೇ ಇಲ್ಲದ ಸಣ್ಣ ನರಎಳೆಗಳು. ನೋವನ್ನು ತಗ್ಗಿಸುವ ಮಿದುಳಿನ ವ್ಯವಸ್ಥೆಯೇ ಮರಿಯಲ್ಲಿ ಇನ್ನೂ ಬಲಿತಿರುವುದಿಲ್ಲ. ಕತ್ತರಿಸಿದ ಕೆಲವೇ ನಿಮಿಷಗಳಲ್ಲಿ ಮರಿ ಮೊಲೆಗೆ ಬಾಯಿ ಹಾಕಿ ಮಲಗುತ್ತದಲ್ಲ ಎಂದು ಕೇಳುತ್ತಾರೆ. ಮೂರು ದಿನದ ಮರಿಗೆ ಮಾಡಲು ಇರುವುದು ಆ ಎರಡೇ ಕೆಲಸ.

ಇನ್ನು ಅಳತೆ. ಜ್ಯಾಕ್ ರಸೆಲ್‌ನ ಕತ್ತರಿಸಿದ ಬಾಲದ ತುದಿ ಕಿವಿಯ ಎತ್ತರಕ್ಕೆ ಬರಬೇಕು ಎನ್ನುತ್ತದೆ ತಳಿ ಮಾನದಂಡ. ಬೆರಳುದ್ದದ ಮರಿಯ ಕತ್ತು ಮುಂದೆ ಎಷ್ಟುದ್ದ ಬೆಳೆದೀತು ಎಂಬುದನ್ನು ಊಹಿಸಿಯೇ ಕತ್ತರಿಸಬೇಕು. ಹೆಚ್ಚಿನ ತಪ್ಪು ಗಿಡ್ಡವಾಗಿಸುವ ಕಡೆಗೇ.

ಪೂರ್ತಿ ಬಾಲ ಬೆನ್ನ ಮೇಲೆ ಸುರುಳಿಯಾಗಿ ಕೆಟ್ಟದಾಗಿ ಕಾಣುತ್ತದೆ ಎಂಬುದು ತಳಿಗಾರರ ಒಳಗಿನ ಅಳುಕು. ಮೋಟು ಮಾಡುವ ರೂಢಿಯಿದ್ದ ಕಾಲದಲ್ಲಿ ಬಾಲದ ಬಾಗು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಹಾಗಾಗಿ ಯಾರೂ ನೆಟ್ಟನೆಯ ಬಾಲದ ನಾಯಿಗಳನ್ನು ತಳಿಗೆ ಆಯ್ಕೆ ಮಾಡಲಿಲ್ಲ. ನಾಯಿ ಬಾಲದ ಡೊಂಕಿನ ಗಾದೆ ಇಲ್ಲಿ ಅರ್ಧ ಮಾತ್ರ ನಿಜ: ಒಂದು ನಾಯಿಯಲ್ಲಿ ನೆಟ್ಟಗಾಗದು, ಕೆಲವು ತಲೆಮಾರುಗಳಲ್ಲಿ ಆಗುತ್ತದೆ.

ಬಾಲವಿಲ್ಲದ ನಾಯಿ ಬದುಕಲಾರದೆಂದು ನಾವು ಹೇಳುತ್ತಿಲ್ಲ. ಮೋಟು ಬಾಲದ ಟೆರಿಯರ್‌ಗಳು ಓಡುತ್ತವೆ, ಜಿಗಿಯುತ್ತವೆ. ಕಳೆದುಕೊಳ್ಳುವುದು ಮಾತನ್ನು. 2008ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ಯಂತ್ರನಾಯಿಗೆ ಉದ್ದ ಬಾಲ ಜೋಡಿಸಿದಾಗ ಬೇರೆ ನಾಯಿಗಳು ಬಾಲ ಅಲ್ಲಾಡುತ್ತಿದೆಯೇ ಸುಮ್ಮನಿದೆಯೇ ಎಂದು ನೋಡಿ ಹತ್ತಿರ ಬಂದವು. ಮೋಟು ಬಾಲ ಜೋಡಿಸಿದಾಗ ಆ ವ್ಯತ್ಯಾಸ ಅವುಗಳಿಗೆ ತಿಳಿಯಲಿಲ್ಲ.

ಪೂರ್ತಿ ಬಾಲದ ಆರೈಕೆ ಕಷ್ಟವೇನಲ್ಲ. ಯಾರ್ಕ್‌ಶೈರ್‌ನ ಬಾಲದಡಿಯ ಕೂದಲನ್ನು ಗುದದ ಸುತ್ತ ಗಿಡ್ಡ ಮಾಡಿದರೆ ಮಲ ಅಂಟುವುದಿಲ್ಲ. ಸಣ್ಣ ನಾಯಿಯ ಬಾಲಕ್ಕೆ ದೊಡ್ಡ ಶತ್ರು ಬಾಗಿಲ ಸಂದು. ಚರ್ಮ ಕಿತ್ತರೆ ಉಪ್ಪುನೀರಿನ ಸಲೈನಿನಿಂದ ತೊಳೆದು, ಗಾಯಕ್ಕೆ ಅಂಟದ ಗಾಜ್ ಬಟ್ಟೆ ಇಟ್ಟು, ಟೇಪಿನ ಮೇಲಂಚು ಕೂದಲನ್ನು ಹಿಡಿಯುವಂತೆ ಸುತ್ತಿ. ಇಲ್ಲದಿದ್ದರೆ ಮೂರು ಸಲ ಅಲ್ಲಾಡಿಸಿದರೆ ಪಟ್ಟಿ ಹಾರಿಹೋಗುತ್ತದೆ. ಬಿಗಿಯಾಗಿ ಸುತ್ತಿದರೆ ತುದಿ ತಣ್ಣಗಾಗಿ ಸಾಯುತ್ತದೆ. ಎಲುಬು ಕಂಡರೆ ಅಂದೇ ವೈದ್ಯರ ಬಳಿ ಹೋಗಬೇಕು. ಗಾಯ ವಾಸಿಯಾಗದೆ ಅಥವಾ ಗಡ್ಡೆ ಬೆಳೆದು ಬಾಲ ತೆಗೆಯಬೇಕಾದರೆ ಅದು ಚಿಕಿತ್ಸೆ, ಅರಿವಳಿಕೆ ಕೊಟ್ಟು ಮಾಡುವಂಥದ್ದು. ಅದಕ್ಕೆ ನಮ್ಮ ಆಕ್ಷೇಪವಿಲ್ಲ.

ಮರಿ ಕಾದಿರಿಸುವವರು ಮುಂಗಡ ಕೊಡುವಾಗಲೇ ಪೂರ್ತಿ ಬಾಲದ ಮರಿ ಬೇಕೆಂದು ಬರೆದುಕೊಡಿ. ಯಾವ ಮರಿ ಯಾರಿಗೆ ಎಂದು ಮೂರನೇ ದಿನ ತೀರ್ಮಾನವಾಗಿರುವುದಿಲ್ಲವಾದ್ದರಿಂದ ಇಡೀ ಸೂಲಿಗೇ ಅನ್ವಯಿಸುವಂತೆ ಕೇಳಬೇಕು. ಈಗಾಗಲೇ ಮೋಟು ಬಾಲದ ನಾಯಿ ಮನೆಯಲ್ಲಿದ್ದರೆ ತಿಂಗಳಿಗೊಮ್ಮೆ ಅದರ ತುದಿಯನ್ನು ಬೆರಳಲ್ಲಿ ಒತ್ತಿ ನೋಡಿ. ಗಂಟು ಸಿಕ್ಕರೆ, ನಾಯಿ ತಟ್ಟನೆ ತಿರುಗಿದರೆ ಅಥವಾ ಅಲ್ಲಿ ಕೂದಲು ಉದುರಿ ಚರ್ಮ ಒದ್ದೆಯಾಗಿದ್ದರೆ ಪಶುವೈದ್ಯರಿಗೆ ತೋರಿಸಿ.

– ನಾಯಿಗಳ ಚಿಕಿತ್ಸೆಯಲ್ಲಿ ತೊಡಗಿರುವ ಪಶುವೈದ್ಯರು